ನಲವತ್ತೊಂದನೇ ನಂಬ್ರದ ತಗಡು

ಹೊಸ ಬಣ್ಣದ ವಾಸನೆ ಬಂದರೆ ಮ್ಯಾಗ್ಡಲಿನ್ ಬಾಯಿಗೆ ಈಗಲೂ ಮೊಣಕಾಲೂರಬೇಕು ಎನಿಸುತ್ತಿತ್ತು. ಚಿಕ್ಕಂದಿನಲ್ಲಿ ಇಗರ್ಜಿಯ ಹಬ್ಬಕ್ಕೆ ಮುಂಚೆ ಬೆಂಚುಗಳಿಗೆ ಬಣ್ಣ ಬಳಿಯುತ್ತಿದ್ದರು. ಒಣಗುವ ಮೊದಲೇ ಕುಳಿತು, ಹೊಸ ಲಂಗದ ಹಿಂದೆ ಹಸಿರು ಪಟ್ಟೆ ಹೊತ್ತು ಮನೆಗೆ ಬಂದು ಬೈಸಿಕೊಂಡವಳು ಆಕೆ. ಬಣ್ಣದ ವಾಸನೆ ಇದ್ದದ್ದೆಲ್ಲ ದೇವರಿಗೆ ಸೇರಿದ್ದು ಎಂಬ ಭಾವನೆ ಐವತ್ತು ದಾಟಿದರೂ ಹೋಗಿರಲಿಲ್ಲ.

ಅರವತ್ತೊಂದನೇ ಇಸವಿಯ ಡಿಸೆಂಬರಿನಲ್ಲಿ ಬೆಳ್ಮಣ್ಣಿನ ಪಂಚಾಯತಿ ಗುಮಾಸ್ತ ವಾಸು ಅದೇ ವಾಸನೆಯ ತಗಡೊಂದನ್ನು ತಂದು ಕೊಟ್ಟ. ಹಳದಿಯ ಮೇಲೆ ಕಪ್ಪಿನಲ್ಲಿ ಮನೆ ನಂಬ್ರ: ೪೧.

“ಹೊರಗೆ, ದಾರಿಗೆ ಕಾಣುವ ಹಾಗೆ ಹೊಡೆಯಿರಿ ಬಾಯಿ. ನನ್ನ ಮೊಳೆ ಮುಗಿದಿದೆ.”

“ಮಳೆ ಬಂದರೆ?”

“ಡಿಸೆಂಬರಿನಲ್ಲಿ ಎಂತ ಮಳೆ?”

“ಸರ್ಕಾರದ್ದಲ್ವಾ? ತುಕ್ಕು ಹಿಡಿದರೆ ನೀನೇ ಬಂದು ಜೋರು ಮಾಡುತ್ತಿ.”

ಈ ನಂಬ್ರಕ್ಕೆಲ್ಲ ಕಾರಣ ಸೂಲಗಿತ್ತಿ ನರ್ಸ್ ಝೀಟಾ ಬಾಯಿ. ಅವರಿದ್ದದ್ದು ಕಾರ್ಕಳದಲ್ಲಿ. ಹಿಂದಿನ ವರ್ಷ ಹೆರಿಗೆಗೆಂದು ಯಾರೋ ‘ಹಲಸಿನ ಮರದ ಮನೆ’ ಎಂದು ಹೇಳಿ ಕಳಿಸಿದ್ದರು. ಹಲಸಿನ ಮರ ಇಲ್ಲದ ಮನೆ ಊರಿನಲ್ಲಿ ಎಲ್ಲುಂಟು? ಅವರು ಮೊದಲ ಮರದ ಬಳಿ ನಿಂತು, “ನೋವು ಯಾರಿಗೆ?” ಎಂದರೆ, ಮನೆಯವರು ಭಕ್ತಿಯಿಂದ ಒಳಗೆ ಕರೆದೊಯ್ದು ಹಟ್ಟಿ ತೋರಿಸಿದರು. ನೋವಿದ್ದದ್ದು ದನಕ್ಕೆ. ಝೀಟಾ ಬಾಯಿ ತೋಳು ಮಡಚಿ ಕರುವನ್ನು ಹೊರಗೆ ತಂದೇ ಬಿಟ್ಟರು. ಮರುದಿನ ಪಂಚಾಯತಿಗೆ ಹೋಗಿ, “ಇನ್ನು ಮರ, ನಾಯಿ, ಬಾವಿ ಎಂತದೂ ಬೇಡ. ನಂಬ್ರ ಮಾತ್ರ!” ಎಂದು ಮೇಜು ಗುದ್ದಿ ಬಂದಿದ್ದರು.

ಮ್ಯಾಗ್ಡಲಿನ್ ಬಾಯಿ ತಗಡನ್ನು ಸೆರಗಿನಿಂದ ಒರೆಸಿ, ಒಳಗೆ ದೇವರ ಅಲ್ತಾರಿನಲ್ಲಿ ಯೇಸುವಿನ ಪಟಕ್ಕೆ ಒರಗಿಸಿಟ್ಟಳು. ಸಂಜೆಯ ಪ್ರಾರ್ಥನೆಗೆ ಹಚ್ಚುವ ಮೇಣದ ಬತ್ತಿಯ ಬೆಳಕಿನಲ್ಲಿ ನಲವತ್ತೊಂದು ಚಂದ ಹೊಳೆಯುತ್ತಿತ್ತು.

ಸೊಸೆ ಇಮೆಲ್ಡಾಗೆ ದಿನ ತುಂಬಿತ್ತು. ಮೊದಲ ಹೆರಿಗೆಯಲ್ಲಿ, ಕಾಪುವಿನ ತವರಿನಲ್ಲಿ, ಅವಳು ಎರಡು ದಿನ ಒದ್ದಾಡಿದ್ದಳು. ಈ ಸಲ ನರ್ಸ್ ಬರಲೇಬೇಕು. ಮಗ ಪ್ಯಾಟ್ರಿಕ್ ಉಡುಪಿಯಲ್ಲಿ ಮಾಸ್ತರ, ಬರುವುದು ಶನಿವಾರ. ನೋವು ಬಂದದ್ದು ಮಂಗಳವಾರ ಬೆಳಿಗ್ಗೆ.

ಮ್ಯಾಗ್ಡಲಿನ್ ಬಾಯಿ ಓಡಿಹೋಗಿ ಕಾರ್ಕಳದ ಬಸ್ಸಿನ ಕಂಡಕ್ಟರ್ ಚಂದುವಿನ ಕೈಗೆ ಚೀಟಿ ತುರುಕಿದಳು. ನರ್ಸಿನ ಅಪ್ಪಣೆಯಂತೆ ಹೆಸರಿಲ್ಲ, ಮರವಿಲ್ಲ: ‘ಬೆಳ್ಮಣ್ಣು, ನಂಬ್ರ ನಲವತ್ತೊಂದು. ಬೇಗ ಬನ್ನಿ.’

ಹತ್ತೂವರೆಗೆ ದಾರಿಯಿಂದ ನರ್ಸಿನ ಕೂಗು ಕೇಳಿತು. “ನಲವತ್ತೊಂದು ಯಾವುದು?”

“ಇಲ್ಲಿ, ಇಲ್ಲಿ!” ಮ್ಯಾಗ್ಡಲಿನ್ ಬಾಯಿಯ ಸ್ವರ ತೆಂಗಿನ ಮರ ದಾಟಲಿಲ್ಲ. ಎದ್ದು ಓಡೋಣವೆಂದರೆ ಇಮೆಲ್ಡಾ ಸೆರಗು ಹಿಡಿದುಕೊಂಡಿದ್ದಳು.

ಕೆಳಗಿನ ಮನೆಯ ರೊಸಾರಿಯೊ ನರ್ಸಿಗೆ ಹೇಳುವುದು ಕೇಳುತ್ತಿತ್ತು. “ನಮ್ಮದು ಎಷ್ಟೋ ಮಾರಾಯ್ರೆ, ತಗಡು ಪೆಟ್ಟಿಗೆಯಲ್ಲಿ ಭದ್ರ ಉಂಟು. ಕೀಲಿ ಹೆಂಡತಿ ಒಲಿಂಡಾಳ ಹತ್ತಿರ, ಅವಳು ಸಂತೆಗೆ ಹೋಗಿದ್ದಾಳೆ.”

“ಈ ಊರಿನಲ್ಲಿ ಒಬ್ಬರಾದರೂ ಹೊರಗೆ ಹಾಕಿದ್ದೀರಾ?”

“ಹಾಳಾಗುವುದಿಲ್ವಾ?”

ನರ್ಸಿನ ಕೊಡೆ ತಪ್ಪು ದಿಕ್ಕಿಗೆ ಹೋಗುವುದು ಕಿಟಕಿಯಿಂದ ಕಂಡಿತು. ಇಮೆಲ್ಡಾ ಚೀರಿದಳು. ಮ್ಯಾಗ್ಡಲಿನ್ ಬಾಯಿ ಸೆರಗು ಬಿಡಿಸಿಕೊಂಡು, “ಕ್ಷಮಿಸು ದೇವರೇ” ಎಂದು ಅಲ್ತಾರಿನಿಂದ ತಗಡು ಎಳೆದು, ಅಂಗಳಕ್ಕೆ ಬಂದು, ಹಿತ್ತಾಳೆಯ ಸೌಟಿನಿಂದ ಬಾರಿಸತೊಡಗಿದಳು. ಢಣ್! ಢಣ್! ಢಣ್!

ಕೊಡೆ ನಿಂತಿತು, ತಿರುಗಿತು.

ಆದರೆ ಊರಿನವರು ಒಳ್ಳೆಯವರು. ಪಾಪ, ಮ್ಯಾಗ್ಡಲಿನ್ ಬಾಯಿಗೆ ಏನೋ ಕಷ್ಟ, ನಾವೂ ಸೇರುವ ಎಂದು ಮೇಲಿನ ಮನೆಯವರು ತಮ್ಮ ತಗಡು ತಂದು ಬಡಿದರು. ಆಚೆಯವರೂ ಬಡಿದರು. ಕೀಲಿಯಿಲ್ಲದ ರೊಸಾರಿಯೊ ಪೆಟ್ಟಿಗೆಯನ್ನೇ ಬಡಿದ. ನಾಲ್ಕೂ ಕಡೆಯಿಂದ ಢಣಢಣ. ಕೊಡೆ ನಡುದಾರಿಯಲ್ಲಿ ಬುಗುರಿಯಂತೆ ಸುತ್ತಿತು.

“ನಿಲ್ಲಿಸಿ! ನಲವತ್ತೊಂದು ಮಾತ್ರ!” ಎಂದು ಮ್ಯಾಗ್ಡಲಿನ್ ಬಾಯಿ ಕೂಗಿ ಕೂಗಿ ಅಳುವಂತಾದಳು.

ಪಕ್ಕದ ಮನೆಯ ಆಸಿಯಮ್ಮ ಏನನ್ನೂ ಬಡಿಯಲಿಲ್ಲ. ಮೀನು ಹೆಚ್ಚುತ್ತಿದ್ದವರು ಕೈ ತೊಳೆದು, ತಲೆಯ ಮೇಲೆ ಬಟ್ಟೆ ಎಳೆದುಕೊಂಡು ದಾರಿಗೆ ನಡೆದರು. ನರ್ಸಿನ ಚೀಲ ತೆಗೆದುಕೊಂಡು, ಅವರ ಕೈ ಹಿಡಿದು, ಗದ್ದಲದ ನಡುವೆ ಕರೆತಂದರು.

ಝೀಟಾ ಬಾಯಿ ಹೊಸ್ತಿಲಲ್ಲಿ ತಗಡನ್ನೂ ಸೌಟನ್ನೂ ನೋಡಿದರು. “ನನಗೆ ದನವೇ ಸುಲಭವಿತ್ತು,” ಎಂದು ಒಳಗೆ ಹೋದರು.

ಮಗು ಅಡ್ಡ ತಿರುಗಿತ್ತಂತೆ. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ನರ್ಸ್. ಮಧ್ಯಾಹ್ನ ಎರಡಕ್ಕೆ ಹೆಣ್ಣು ಹುಟ್ಟಿತು, ತಗಡಿಗಿಂತ ಜೋರಾಗಿ ಅತ್ತಿತು. ಮ್ಯಾಗ್ಡಲಿನ್ ಬಾಯಿ ಹೊರಗೆ ಹೋಗಿ, ಒನಕೆಯ ತುದಿಯಿಂದಲೇ ಮೊಳೆ ಹೊಡೆದು, ನೆಗ್ಗಿದ ನಲವತ್ತೊಂದನ್ನು ದಾರಿಗೆ ಎದುರಾಗಿ ನಿಲ್ಲಿಸಿದಳು.

ಆಮೇಲೆ ನೆನಪಾಯಿತು, ಬೆಳಗ್ಗಿನಿಂದ ಒಲೆಯನ್ನೇ ಹಚ್ಚಿಲ್ಲ. ನರ್ಸಿನ ಬಸ್ಸು ನಾಲ್ಕಕ್ಕೆ; ಅವರಿಗೆ ಒಂದು ತುತ್ತೂ ಇಲ್ಲ. ಗಂಜಿ ಮಾಡಿದರೂ ಬಡಿಸುವುದು ಎಂತದರಲ್ಲಿ? ಮನೆಯ ಒಂದೇ ಸೌಟು ಕುಡಗೋಲಿನ ಹಾಗೆ ಬಾಗಿತ್ತು.

ಹಿತ್ತಲಿನ ಗೋಡೆಯ ಆಚೆಯಿಂದ ಎರಡು ಕೈಗಳು ಮೇಲೆ ಬಂದವು. ಬಾಳೆಲೆ ಮುಚ್ಚಿದ ಪಾತ್ರೆ, ಬಿಸಿ ಅನ್ನ, ಮೀನಿನ ಸಾರು. ಮ್ಯಾಗ್ಡಲಿನ್ ಬಾಯಿ ತೆಗೆದುಕೊಂಡಳು. ಆಸಿಯಮ್ಮ ಮತ್ತೊಮ್ಮೆ ಕೈ ಚಾಚಿ, ಎಲೆಯ ಮೇಲೆ ಒಂದು ಸೌಟನ್ನೂ ಇಟ್ಟರು.