ಊರಿಗೆ ಹೋಗೂಕಿಂತ ಮೊದಲ ಹೆಚ್ಚಿಟ್ಟ ಆಲೂಗಡ್ಡಿ

ನೀರು ಮತ್ತ ಬೆಳ್ಳಗಾತು, ಎಷ್ಟು ತೊಳದ್ರೂ ಗಂಜಿ ಬಿಡಾಕತ್ತೈತಿ, ಬಿಡಲಿ, ಗಂಜಿ ಹೋದಷ್ಟೂ ಛಲೋ, ಹೋಳು ಒಂದಕ್ಕೊಂದು ಅಂಟಂಗಿಲ್ಲ, ಇನ್ನೊಮ್ಮೆ ಬಸಿದು ಹೊಸ ನೀರು ಹಾಕ್ತೀನಿ — ಕಿಡಕಿಯಾಗಿನ ಬಿಸಲು ಬೋಗುಣಿ ಮ್ಯಾಲೆ ಬಂದು ಕುಂತೈತಿ, ಈ ಹೊತ್ತಿಗೆ ನಾನು ಯಲಬುರ್ಗಾ ಬಸ್‌ಸ್ಟ್ಯಾಂಡಿನ್ಯಾಗ ಬಾಗಲಾ ಬಡದು ಕುಕನೂರ, ಕೊಪ್ಪಳ, ಏರ್ರಿ ಏರ್ರಿ ಅಂತ ಒದರತಿದ್ದೆ, ಕೊಳ್ಳಾಗ ಟಿಕೆಟ್ ಮಷೀನು, ಬಗಲಾಗ ಚೀಲ, ಇನ್ನ ಕೆಲವು ತಿಂಗಳು ಅದೇನೂ ಇಲ್ಲ, ಭಾರ ಎತ್ತಬ್ಯಾಡ್ರಿ ಅಂದಾರ ಡಾಕ್ಟರು, ನಾಳೆ ಮುಂಜಾನೆ ಹುಬ್ಬಳ್ಳಿ ಬಸ್ಸಿಗೆ ನಾನೂ ಒಬ್ಬಾಕಿ ಪ್ಯಾಸೆಂಜರು, ಕಿಡಕಿ ಬಾಜೂಕ ಕೂತು ಟಿಕೆಟ್ ಕೇಳಿ ತಗೋತೀನಿ, ಮಜಾ ಅನಸ್ತೈತಿ ನೆನಸಿಕೊಂಡ್ರ. ನೀರು ಕುದ್ದೈತಿ, ಉಪ್ಪು ಹಾಕಿದೆ, ಹೋಳು ಹಾಕಿದೆ, ಇನ್ನ ಇಲ್ಲೆ ನಿಂದರಬೇಕು, ಅತ್ಲಾಗ ಇತ್ಲಾಗ ಹೋಗಂಗಿಲ್ಲ, ಅರ್ಧಕ್ಕರ್ಧ ಬೇಯಬೇಕು, ಚಾಕು ಚುಚ್ಚಿದ್ರ ಒಳಗ ಹೋಗಬೇಕು ಆದ್ರ ಹೋಳು ಮುರೀಬಾರದು, ಆಗ ಎತ್ತಿ ತಣ್ಣೀರಿಗೆ, ತಣ್ಣೀರಿಂದ ಅರಿವಿ ಮ್ಯಾಲೆ, ಪಸಿ ಆರಿದ ಮ್ಯಾಲೆ ತಾಟಿನ್ಯಾಗ ಹರವಿ ಫ್ರೀಜರಿಗೆ, ಕಲ್ಲಾದ ಮ್ಯಾಲೆ ಚೀಲಕ್ಕ. ಈಗ ನಿದ್ದಿಗಣ್ಣಾಗ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಮೊದಲನೇ ಸಲ ಹಸೀವ ಹೆಚ್ಚಿ ಇಟ್ಟಿದ್ದೆ, ಕರ್ರಗಾಗಿ, ಕಡಾಯಿಯೊಳಗ ತೊಯ್ದ ಅರಿವಿಯಂಗ ನೀರು ಬಿಟ್ಟವು, ಅತ್ತಿ ಒಯ್ದು ಎಮ್ಮಿ ಮುಂದ ಸುರುವಿದ್ಲು, ಎಮ್ಮಿ ಮೂಸಿ ನೋಡಿ ಮಾರಿ ತಿರುವಿತು, ನೋಡು ನಿನ್ನ ಫ್ರಿಜ್ಜಿನ ಅಡಗಿ ಎಮ್ಮಿಗೂ ಬ್ಯಾಡಂತ ಅಂದ್ಲು, ಆವತ್ತು ಇಬ್ರೂ ನಕ್ಕಿದ್ವಿ, ಆಗ ಇನ್ನಾ ನಗತಿದ್ವಿ.

ಯಾಕ ಆಲೂಗಡ್ಡಿನ ಅಂತ ಕೇಳಿದ್ಲು ಡಿಪೋದಾಗ ನನ್ನ ಜೋಡಿ ದುಡಿಯೂ ನಿಶಾತ, ಯಾಕಂದ್ರ ನಮ್ಮ ಮನೆಯವ್ರಿಗೆ ಮಾಡಾಕ ಬರೂದು ಅದೊಂದ, ಮೋಟಾರಿಗೆ ತಂತಿ ಸುತ್ತೂ ಅಂಗಡಿ ಅವ್ರದು, ಬೋರ್‌ವೆಲ್ಲಿನ ಮೋಟಾರು ಸುಟ್ಟು ಯಾರರ ಹೊತ್ತು ತಂದ್ರ ಊಟದ ಹೊತ್ತು ಅನ್ನೂದ ಇಲ್ಲ, ಬಂದು ಗಡಬಡಿಸಿ ಒಂದು ಒಗ್ಗರಣಿ ಹಾಕ್ಯಾರು, ಕುಂತು ಹೆಚ್ಚಂಗಿಲ್ಲ. ಅತ್ತಿ ದುರುಗವ್ವ ಹೆಚ್ಚತಾಳ, ಆದ್ರ ಅಕಿ ಕೈ ನಡಗತಾವ, ಮೊನ್ನೆ ಈಳಿಗಿಗೆ ಹೆಬ್ಬಟ್ಟು ಕೊಟ್ಟು ಸೆರಗಿನ್ಯಾಗ ಮುಚ್ಚಿಕೊಂಡು ಕುಂತಿದ್ಲು, ಏನಿಲ್ಲ ಏನಿಲ್ಲ ಅಂತ, ಸೆರಗೆಲ್ಲಾ ಕೆಂಪು. ಅದಕ್ಕ ಹೆಚ್ಚೂ ಕೆಲಸ ಪೂರಾ ನಾನ ಮಾಡಿ ಹೋಗ್ತೀನಿ, ಉಳದದ್ದು ಅವ್ರಿಬ್ರೂ ನೋಡ್ಕೋತಾರ. ಬೆಂದಾವ, ಎತ್ತು, ಎತ್ತು — ಹಬಿ ಮಾರಿಗೆ ಹೊಡೀತು — ನನ್ನ ತಮ್ಮ ಗಾಳೇಶನ ಮಾರಿ ನೋಡಿದ್ರ ಹಿಂಗ, ಹಬಿಯೊಳಗಿಂದ ಬಂದಂಗ ಬಾತಿರತೈತಿ, ಕಣ್ಣಿನ ಕೆಳಗ ಚೀಲ, ಕಾಲು ಒತ್ತಿದ್ರ ಕುಣಿ ಬೀಳತೈತಿ. ನನಗಿಂತ ಸಣ್ಣಾಂವ, ನನ್ನ ಬೆನ್ನ ಮ್ಯಾಲೆ ಬೆಳದಾಂವ, ಇರಕಲ್ಲಗಡದಿಂದ ಕೊಪ್ಪಳಕ್ಕ ಟಂಟಂ ಆಟೋ ಹೊಡೀತಿದ್ದ, ಈಗ ಡಯಾಲಿಸಿಸ್‌ಗೆ ಮಂದಿ ಗಾಡ್ಯಾಗ ಹೋಗ್ತಾನ, ಅವನ ಟಂಟಂ ಮನಿ ಮುಂದ ನಿಂತೈತಿ, ಹಿಂದಿನ ಸೀಟಿನ್ಯಾಗ ಕೋಳಿ ತತ್ತಿ ಇಡಾಕತ್ತೈತಿ. ಎರಡೂ ಕಿಡ್ನಿ ಹೋಗ್ಯಾವ. ನಂದು ಕೂಡತೈತಿ ಅಂದ್ರು ಹುಬ್ಬಳ್ಳಿ ಡಾಕ್ಟರು, ರಕ್ತಾ ಕೂಡತೈತಿ, ಎಲ್ಲಾ ಕೂಡತೈತಿ, ಮತ್ತೇನು ಕೇಳೂದು, ನನಗ ಎರಡು ಅದಾವ.

ಮನೆಯವ್ರು ಮೊದಲು ಅಂಗಡ್ಯಾಗ ತಾಮ್ರದ ತಂತಿ ಸುತ್ತಿದ್ದ ಸುತ್ತಿದ್ದು, ಆಮ್ಯಾಲೆ ಒಂದಿನ ತಲಿ ಎತ್ತಲಾರದ ಕೇಳಿದ್ರು, ನಿನಗ ಏನರ ಆದ್ರ. ಡಾಕ್ಟರಿಗೆ ನಾನು ಕೇಳಿದ್ದನ್ನೆಲ್ಲಾ ಕುಂದರಿಸಿ ಹೇಳಿದೆ, ಅವ್ರನ್ನೂ ಕರಕೊಂಡು ಹೋಗಿ ಕೇಳಿಸಿದೆ, ಆಮ್ಯಾಲೆ ಸಹಿ ಮಾಡಿದ್ರು. ಗಾಳೇಶನ ಹಟಾನ ದೊಡ್ಡದಾತು, ಫೋನಿನ್ಯಾಗ ಅಕ್ಕಾ ಬ್ಯಾಡ ಬಿಡು, ನಿನ್ನ ಮನಿ ಹಾಳು ಮಾಡಿ ನಾ ಬದುಕೂದು ಬ್ಯಾಡ ಅಂದ, ನನ್ನ ಮನಿ ಹಾಳಾಗಂಗಿಲ್ಲೋ, ಫ್ರೀಜರ್ ತುಂಬಿಸಿ ಬರ್ತೀನಿ ಅಂದೆ, ಅಂವ ಅತ್ತನೋ ನಕ್ಕನೋ ಗೊತ್ತಾಗಲಿಲ್ಲ. ಆದ್ರ ಅತ್ತಿ. ಅತ್ತಿ ಒಂದ ಮಾತು ಅಂದ್ಲು, ಈ ಮನಿಗೆ ಬಂದ ಮ್ಯಾಲೆ ನಿನ್ನ ಮೈ ನಿನ್ನ ಒಬ್ಬಾಕೀದು ಅಲ್ಲ, ಅಷ್ಟ ಅಂದು ಎದ್ದು ಹೋದ್ಲು. ಅವತ್ತಿಂದ ಆ ಸುದ್ದಿನ ಇಲ್ಲ. ಬರೇ ಆಲೂಗಡ್ಡಿ ಸುದ್ದಿ. ತಂಗಳು ತಿನ್ನಸ್ತೀ ಏನು ನನ್ನ ಮಗಗ ಅಂತಾಳ, ತಂಗಳಲ್ಲರಿ ಅತ್ತಿ, ನೀವು ಕಟಕ ರೊಟ್ಟಿ ಬಡದು ತಿಂಗಳಗಟ್ಟಲೆ ಬುಟ್ಟಿ ತುಂಬಿಸಿ ಇಡತಿದ್ರಿ, ಬ್ಯಾಸಗಿಗೆ ಸಂಡಿಗಿ ಒಣಗಿಸಿ ಮಳಿಗಾಲಕ್ಕ ಕರೀತಿದ್ರಿ, ನೀವು ಬಿಸಲಾಗ ಕಾದಿಟ್ರಿ, ನಾ ಥಂಡ್ಯಾಗ ಕಾದಿಡತೀನಿ, ಅಂದ್ರ ಎದ್ದು ಎಮ್ಮಿ ಕಡೆ ಹೋಗತಾಳ, ಒಪ್ಪಿ ಅಲ್ಲ, ಉತ್ತರ ಹುಡುಕಾಕ.

ಬಂದ್ಲು. ಕಟ್ಟಿ ಹಿಡಕೊಂಡು ಒಳಗ ಬಂದು ನಿಂತಾಳ, ನಿನ್ನೆ ಇಟ್ಟಿದ್ರಾಗ ಒಂದು ಹಿಡಿ ಕೊಡು, ನೋಡತೀನಿ ಅಂತಾಳ, ಕೊಟ್ಟೆ, ಕಲ್ಲಿನಂಗ ಟಣಟಣ ಅನ್ನಾಕತ್ತಾವ, ಮೆತ್ತಗಾಗಲಿ ಅಂತ ಇಡಬ್ಯಾಡ್ರಿ, ಹಂಗ ಒಗ್ಗರಣಿಗೆ ಹಾಕ್ರಿ, ಕರೆಂಟು ಹೋಗಿ ಕರಗಿ ನೀರು ಬಿಟ್ರ ಅವತ್ತ ಮಾಡಿ ಮುಗಸ್ರಿ, ತಿರುಗಿ ಒಳಗ ಇಡಬ್ಯಾಡ್ರಿ ಅಂದೆ, ಹಂಗ ಹಾಕಿದ್ಲು, ಸಾಸಿವಿ, ಕರಿಬೇವು, ಚರ್ ಅಂತು ಎಣ್ಣಿ, ಖಾರಾ ಉದುರಿಸಿ ತಿರುವಿದ್ಲು, ಹೋಳು ಮುರೀಲಿಲ್ಲ, ಅಂಚು ಕೆಂಪಗಾತು, ರೊಟ್ಟಿ ತುಣುಕಿನ್ಯಾಗ ಹಿಡಿದು ಬಾಯಿಗೆ ಹಾಕ್ಕೊಂಡು ಗ್ವಾಡಿ ಕಡೆ ನೋಡ್ಕೋತ ಅಗದ್ಲು, ನಾನು ಉಸರು ಹಿಡದಿದ್ದೆ, ಡಾಕ್ಟರ ಮುಂದ ಸೈತ ಹಂಗ ಹಿಡದಿರಲಿಲ್ಲ, ಉಪ್ಪು ಸರಿ ಐತಿ ಅಂದ್ಲು. ಗೆದ್ದೆ. ಇನ್ನೊಂದು ಬೋಗುಣಿ ಕುದಿಯಾಕಿಟ್ಟೆ, ಅಕಿ ಕೈ ತೊಳಕೊಂಡು ನನ್ನ ಬಾಜೂಕ ಬಂದು ನಿಂತು ತಣ್ಣೀರೊಳಗ ಮಣಿಕಟ್ಟಿನ ತನಕ ಕೈ ಇಳಿಬಿಟ್ಟು ಹೋಳು ಎತ್ತಿ ಎತ್ತಿ ಅರಿವಿ ಮ್ಯಾಲೆ ಹರವಾಕತ್ತಿದ್ಲು, ನೀರೊಳಗ ಆ ಕೈ ಎಷ್ಟು ಕಮ್ಮಿ ನಡಗತೈತಿ.

ಯಾವ ಕಡೇದು, ಅಂದ್ಲು.

ಫ್ರೀಜರಿನ್ಯಾಗ ಎಡಗಡೆ ಹೋಳು ಅತ್ತಿ, ಬಲಗಡೆ ಚೀಲದಾಗ ಕುದಿಸಿ ಹಿಸುಕಿದ್ದು, ಅದಕ್ಕ ಒಗ್ಗರಣಿ ಹಾಕೇ ಇಟ್ಟೀನಿ, ಬಿಸಿ ಮಾಡಿಕೊಂಡ್ರ —

ಅದಲ್ಲ, ಅಂದ್ಲು, ಹೋಳಿನ ಕಡೆ ನೋಡ್ಕೋತನ. ನಿಂದು. ಯಾವ ಕಡೇದು ತಗೀತಾರ.

ಎಡಗಡೇದರಿ, ಅಂದೆ, ಅಕಿ ನೀರಿಂದ ಕೈ ತಗದ್ಲು, ಒರಸಿಕೊಳ್ಳಲಿಲ್ಲ, ಕುಪ್ಪಸಕ್ಕೂ ಸೀರಿಗೂ ನಡುವ ಬರಿ ಮೈ ಮ್ಯಾಲೆ, ಎಡಗಡೆ, ಅಂಗೈ ಪೂರಾ ಊರಿ ಇಟ್ಲು, ಬರ್ಫದಂಗ ತಣ್ಣಗ, ಒತ್ತಲಿಲ್ಲ, ಸವರಲಿಲ್ಲ, ಇಟ್ಟಳಷ್ಟ, ನಡಗೂ ಕೈ ಅಲ್ಲಿ ನಡಗಲಿಲ್ಲ, ಇಟ್ಟು, ತಗದು, ಮತ್ತ ಹೋಳು ಎತ್ತಾಕ ಹತ್ತಿದ್ಲು — ನೀರು ಕುದಿಯಾಕತ್ತೈತಿ, ಉಪ್ಪು ಹಾಕಬೇಕು, ಹೋಳು ಹಾಕಬೇಕು, ಹಾಕ್ತೀನಿ, ಮೈ ಮ್ಯಾಲೆ ನೀರಿನ ಬೆರಳು ಮೂಡ್ಯಾವ, ಹನಿ ಇಳದು ಸೀರಿ ನಿರಿಗೀಗೆ ಹೊಂಟೈತಿ, ಒರಸಬಾರದು, ಉಪ್ಪು, ಒರಸಬಾರದು, ತಣ್ಣನ ಅಂಗೈ, ಎಡಗಡೆ, ಬೆರಳು ಬೆರಳು ಬಿಡಿಸಿ ಹಂಗ ಅದಾವ —