ಕರಿಯನ ತೊಗಲು

ಐದು ತಿಂಗಳಿಗೆ ಸೊಸೆ ಸುಯುನ್‌ಳ ಬಸಿರು ಇಳಿದುಹೋಯಿತು. ಮಗ ದೂರದ ಗಣಿಯಲ್ಲಿದ್ದ. ಹಿಮದಲ್ಲಿ ಗಾಡಿ ಎಳೆದು ಅವಳನ್ನು ಆಸ್ಪತ್ರೆ ಮುಟ್ಟಿಸಿದ್ದು ಮನೆಯ ಕತ್ತೆ ಕರಿಯ. ಜೀವವೇನೋ ಉಳಿಯಿತು, ಮೈಯಲ್ಲಿ ರಕ್ತ ಉಳಿಯಲಿಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ.

ರಕ್ತ ತುಂಬಲು ಕತ್ತೆ ತೊಗಲು ಕುದಿಸಿ ಇಂಗಿಸಿದ ಅಂಟಿಗಿಂತ ಮದ್ದುಂಟೇ? ದೋಂಗ್‌ಅ ಸೀಮೆಯಲ್ಲಿ ಯಾರನ್ನಾದರೂ ಕೇಳಿ. ಆದರೆ ಅತ್ತೆ ಫೆಂಗ್‌ಯಿಂಗ್‌ಗೆ ಅಂಗಡಿ ಮಾಲೆಂದರೆ ಅನುಮಾನ. "ದನದ್ದೋ ಹಂದೀದೋ, ಯಾರು ಕಂಡೋರು?" ಎಂದಳು. ಕರಿ ಕತ್ತೆಯದೇ ಶ್ರೇಷ್ಠ ಅಂತ ಹಿರಿಯರ ಮಾತು ಬೇರೆ. ಸೊಸೆ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಕೊಟ್ಟಿಗೆ ಖಾಲಿಯಾಗಿತ್ತು.

"ಕರಿಯ ಎಲ್ಲಿ ಅತ್ತೆ?"

"ನಮ್ಮಣ್ಣನ ಊರಿಗೆ ಕಳಿಸಿದೀನಿ ಕಣೇ, ಬೀಸೋ ಕಲ್ಲು ಎಳೆಯೋಕೆ."

ಅಂಟು ಕಾಯಿಸುವ ಮೆಂಗ್ ಅಜ್ಜನ ಕಡಾಯಿಯಲ್ಲಿ ತೊಗಲು ಮೂರು ದಿನ ಕುದಿಯಿತು. ನೊರೆ ತೆಗೆದೂ ತೆಗೆದೂ ಫೆಂಗ್‌ಯಿಂಗ್‌ಳ ರಟ್ಟೆ ಬಿದ್ದುಹೋಯಿತು. ವಾರಗಟ್ಟಲೆ ನೆರಳಲ್ಲಿ ಒಣಗಿದ ಅಂಟಿನ ಕರಿ ಬಿಲ್ಲೆಗಳನ್ನು ಕಟ್ಟಿಕೊಂಡು ಹೊರಟವಳನ್ನು ಅಜ್ಜ ತಡೆದ.

"ಏನಮ್ಮಾ, ಅಷ್ಟು ಅವಸರ?"

"ಸೊಸೆಗೆ ಇವತ್ತೇ ಕೊಡ್ಬೇಕು."

"ಬುದ್ಧಿ ನೆಟ್ಟಗಿದೆಯಾ? ಹೊಸ ಅಂಟಲ್ಲಿ ಬೆಂಕಿ ಇರ್ತದೆ! ಮೂರು ವರ್ಷ ಇಟ್ಟು ಉಷ್ಣ ಇಳೀಬೇಕು. ಈಗ್ಲೇ ತಿನ್ಸಿದ್ರೆ ಆ ಹುಡುಗಿ ಕಥೆ ಮುಗೀತು."

ಅಯ್ಯೋ ಇವಳ! ಆ ಊರಿನ ಕೂಸಿಗೂ ಗೊತ್ತಿರುವ ಮಾತು. ಸೊಸೆ ಎಲ್ಲಿ ಕೈಬಿಟ್ಟು ಹೋಗುತ್ತಾಳೋ ಎಂಬ ಭಯದಲ್ಲಿ ಅದೊಂದು ನೆನಪಾಗಲೇ ಇಲ್ಲ. ಕಟ್ಟಿದ ಗಂಟನ್ನು ಅಲ್ಲೇ ಕೆಳಗಿಟ್ಟಳು. ಅಜ್ಜ ಗೊಣಗುತ್ತಲೇ ತನ್ನ ಜಾಡಿಯಿಂದ ಹಳೆಯ ಬಿಲ್ಲೆಗಳನ್ನು ತೆಗೆದುಕೊಟ್ಟ. "ಮೊದ್ಲೇ ಒಂದು ಮಾತು ಕೇಳಿದ್ರೆ ಇದನ್ನೇ ಕೊಡ್ತಿದ್ನಲ್ಲ ತಾಯಿ."

ಅದನ್ನು ಅಕ್ಕಿ ಹೆಂಡದಲ್ಲಿ ಕರಗಿಸಿ, ಕರಿ ಎಳ್ಳು ಅಕ್ರೋಟು ಬೆರೆಸಿ ದಿನಾ ತಿನ್ನಿಸಿದಳು. ಎರಡು ತಿಂಗಳಲ್ಲಿ ಸುಯುನ್ ಕೆನ್ನೆಗೆ ಕೆಂಪು ಬಂತು. ಸೊಸೆ ಹುಷಾರಾದಷ್ಟೂ ಅತ್ತೆ ಸೊರಗಿದಳು. ಬಾಯಿಗಿಟ್ಟ ತುತ್ತು ಇಳಿಯದು, ಕೊಟ್ಟಿಗೆ ಕಡೆ ನೋಡಲು ಮುಖವಿಲ್ಲ. ಪಾಪಿ ನಾನು, ಪಾಪಿ ನಾನು ಎಂದು ಒಳಗೇ ಬೇಯುತ್ತಿದ್ದಳು.

ಒಂದು ಬೆಳಿಗ್ಗೆ ಸೊಸೆ ಶಾಲು ಹೊದ್ದು ನಿಂತಳು. "ನಿಮ್ಮಣ್ಣನ ಊರಿಗೆ ಹೋಗ್ಬರ್ತೀನಿ ಅತ್ತೆ. ಕರಿಯನ್ನ ನೋಡ್ಬೇಕು."

"ಅಲ್ಲಿಲ್ಲ ಕಣೇ." ಫೆಂಗ್‌ಯಿಂಗ್‌ಗೆ ಅಳು ಒತ್ತಿಬಂತು. "ಕಡಿಸ್ಬಿಟ್ಟೆ. ನಿನಗೆ ಅಂಟು ಮಾಡೋಕೆ."

ಸುಯುನ್ ಹೊಸ್ತಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿಸಿ ಅತ್ತೆಯ ಕೈ ಹಿಡಿದುಕೊಂಡಳು. "ಹೋಗ್ಲಿ ಬಿಡಿ. ನನಗೋಸ್ಕರ ತಾನೇ? ಎರಡು ಸಲ ಉಳಿಸ್ದ ಅವನು ನನ್ನ."

ಹೂಂ ಎಂದರೆ ಮುಗಿದೇ ಹೋಗುತ್ತಿತ್ತು. ಎನ್ನಬೇಕೆಂದೇ ಫೆಂಗ್‌ಯಿಂಗ್ ಬಾಯಿ ತೆರೆದಳು.

"ಇಲ್ಲ ಕಣೇ. ನೀನು ತಿಂದಿದ್ದು ಅಜ್ಜನ ಮನೇದು. ಕರಿಯ ಅಟ್ಟದ ಮೇಲೆ ಡಬ್ಬೀಲಿದಾನೆ. ಅವನು ಸುಮ್‌ಸುಮ್ನೆ ಸತ್ತ."

ಸುಯುನ್ ಕೈ ಬಿಟ್ಟಳು.