ಗೋಡೆ ದಾಟಿದ ವಾಯರ್

"ಎಲ್ಲಿಂದ ಎಲ್ಲೀತನಕ ಎಳೀತೀರಿ ಸರ್?" ಅಂಗಡಿಯ ಶೇಖಸಾಬ ಎರಡು ನಮೂನೆಯ ವಾಯರ್ ಸುರುಳಿಗಳನ್ನು ಗೋಪಾಲನ ಮುಂದಿಟ್ಟು ಕೇಳಿದ. ಗೋಪಾಲ ಎರಡನ್ನೂ ಕೈಯಲ್ಲಿ ತೂಗಿ ನೋಡಿದ.

ಅವನು ಲಕ್ಷ್ಮೇಶ್ವರದಿಂದ ಬೆಳಗಿನ ಬಸ್ಸಿಗೆ ಗದಗಿಗೆ ಬಂದದ್ದು ಟಿ.ವಿ.ಯ ಸಲುವಾಗಿ. ಹೊಸ ಟಿ.ವಿ.ಯಲ್ಲಿ ಒಬ್ಬೊಬ್ಬರೂ ಇಬ್ಬಿಬ್ಬರಾಗಿ ಕಾಣುತ್ತಿದ್ದರು. ಆಂಟೆನಾದ ಚಪ್ಪಟೆ ವಾಯರ್ ತೆಗೆದು ದುಂಡನೆಯ ಕೇಬಲ್ ಹಾಕಿದರೆ ಚಿತ್ರ ನೆಟ್ಟಗಾಗುತ್ತದೆಂದು ಶೇಖಸಾಬ ಅದನ್ನು ಆಗಲೇ ಅಳೆದು ಕಟ್ಟಿಟ್ಟಿದ್ದ. ಇನ್ನು ಉಳಿದದ್ದು ಬೇರೆಯಾಗಿ ಇಡುವ ಸ್ಪೀಕರಿನ ವಾಯರ್.

"ಅದ ಖೋಲ್ಯಾಗ ಇಡಾವ್ರಾದ್ರ ಈ ಸಣ್ಣದು ಸಾಕ್ರಿ. ದೂರ ಒಯ್ಯಾವ್ರಾದ್ರ ದಪ್ಪಂದ ಬೇಕು. ಸಣ್ಣದರಾಗ ಹೋಗ್ತ ಹೋಗ್ತ ಆವಾಜ ಸೊರಗತೈತಿ."

ಬೆಳಿಗ್ಗೆ ಮನೆ ಬಿಡುವಾಗ ಹೆಂಡತಿ ಕಮಲಾಬಾಯಿ ಹೇಳಿದ್ದಳು: "ಉದ್ದಂದ ತರ್ರಿ. ಟಿ.ವಿ. ಹಚ್ಚಿದ ಕೂಡ್ಲೆ ಭಾವನವರು ಗ್ವಾಡಿಗೆ ಕಿವಿ ಹಚ್ಚಿ ಕೂಡ್ತಾರಂತ. ತಾರಕ್ಕ ಹೇಳಿದ್ರು." ಗೋಪಾಲ ಕೇಳದವನಂತೆ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದಿದ್ದ.

ಅಪ್ಪ ತೀರಿಕೊಂಡ ಮೇಲೆ ಅಣ್ಣ ಮಾರ್ತಾಂಡನೂ ಅವನೂ ಪಡಸಾಲೆಯ ನಡುವೆ ಗೋಡೆ ಕಟ್ಟಿಸಿಕೊಂಡದ್ದು ಜಗಳವಾಡಿ ಅಲ್ಲ. ಗೋಡೆ ಎದ್ದ ಮೇಲೂ ಸಾರು ಪಲ್ಯ ಹಿತ್ತಿಲಿನಿಂದ ಅತ್ತಿತ್ತ ಓಡಾಡುತ್ತಿದ್ದವು. ಮಾತು ನಿಂತದ್ದು ದೇವಸ್ಥಾನದಲ್ಲಿ. ಮನೆತನದ ಪೂಜೆಯನ್ನು ಮಾರ್ತಾಂಡ ನೋಡಿಕೊಳ್ಳುತ್ತಿದ್ದ. ಗೋಪಾಲ ಹೈಸ್ಕೂಲಿನಲ್ಲಿ ಮಾಸ್ತರ. ವಾಸಿಯಾಗದ ಕಾಚಬಿಂದು ರೋಗದಿಂದ ಅಣ್ಣನ ಕಣ್ಣು ಮಂಜಾಗುತ್ತಿದ್ದದ್ದು ಗೋಪಾಲನಿಗೆ ಗೊತ್ತಿತ್ತು. ಮಾರ್ತಾಂಡ ಮಾತ್ರ ಕೈಯ ರೂಢಿಯಿಂದ ಎಲ್ಲವನ್ನೂ ಸಾಗಿಸುತ್ತಿದ್ದ. ಒಂದು ಸಂಜೆ ಅವನು ಮಂಗಳಾರತಿ ಹಿಡಿದು ದೇವರ ಕಡೆಗಲ್ಲ, ಕಂಬದ ಕಡೆಗೆ ನಿಂತ. ಯಾರೋ ಕಿಸಕ್ಕನೆ ನಕ್ಕರು. ಮುಂದಿನ ಕಮಿಟಿ ಸಭೆಯಲ್ಲಿ ಗೋಪಾಲ ಎದ್ದು ನಿಂತು, "ಅಣ್ಣಗ ಕಣ್ಣು ಕಾಣಸೂದಿಲ್ಲ. ಇನ್ನ ಪೂಜಾ ನಾ ಮಾಡ್ತೀನಿ" ಅಂದ.

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅದನ್ನು ಮನೆಯಲ್ಲಿ ಅಣ್ಣನ ಮುಂದೆ ಒಮ್ಮೆಯೂ ಹೇಳದೆ, ಹತ್ತು ಜನರೆದುರು ಹೇಳಿದ್ದ. ಸಭೆಯಲ್ಲಿದ್ದ ಮಾರ್ತಾಂಡ ಅಂದು ಓಣಿಯ ಗೋಡೆ ಹಿಡಿದುಕೊಂಡು ಒಬ್ಬನೇ ಮನೆಗೆ ನಡೆದ. ಆಮೇಲೆ ತಮ್ಮನ ಹೆಸರೆತ್ತಲಿಲ್ಲ. ಮೂರು ವರ್ಷವಾಗಿತ್ತು.

ಸಣ್ಣ ವಾಯರ್ ತೆಗೆದುಕೊಂಡರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಕಮಲಾಬಾಯಿ ಎರಡು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿಯಾಳು, ಅಷ್ಟೆ. ಗೋಪಾಲ ದಪ್ಪ ವಾಯರಿನ ತುದಿಯನ್ನು ಬೆರಳಲ್ಲಿ ಹೊಸೆದು ನೋಡಿದ.

"ದಪ್ಪಂದ ಕೊಡ್ರಿ."

"ಎಷ್ಟ್ರಿ?"

"ಒಂದು ಗ್ವಾಡಿ ದಾಟಬೇಕು ನೋಡ್ರಿ," ಅಂದ ಗೋಪಾಲ. ಶೇಖಸಾಬ ತುಸು ಧಾರಾಳವಾಗಿಯೇ ಎಳೆದು ಕತ್ತರಿಸಿದ.

ಭಾನುವಾರ ಮಧ್ಯಾಹ್ನ ಗೋಪಾಲ ನಿಚ್ಚಣಿಕೆ ಹತ್ತಿ ಗೋಡೆಯ ಮೇಲಿನ ಬೆಳಕಿಂಡಿಯಿಂದ ವಾಯರ್ ತೂರಿಸಿದ. ಆಚೆ ಅತ್ತಿಗೆ ತಾರಾಬಾಯಿ ಸ್ಟೂಲಿನ ಮೇಲೆ ನಿಂತು ತುದಿ ಹಿಡಿದುಕೊಂಡಳು. ಸ್ಪೀಕರನ್ನು ಕಮಲಾಬಾಯಿ ಹಿತ್ತಿಲಿನಿಂದ ಮೊದಲೇ ದಾಟಿಸಿದ್ದಳು.

"ಏನದು ಸಪ್ಪಳ?" ಆಚೆಯಿಂದ ಮಾರ್ತಾಂಡನ ದನಿ.

"ವಾಯರ್."

"ಯಾರದು?"

"ಗೋಪಾಲಂದು."

ನಿಚ್ಚಣಿಕೆಯ ಮೇಲಿದ್ದ ಗೋಪಾಲ ಅಲುಗಲಿಲ್ಲ.

"ತಗದು ಒಗಿ ಅದನ್ನ."

"ನೀವ ತಗೀರಿ. ನನಗ ಸ್ಟೂಲ್ ಏರಿ ಇಳಿದು ಸಾಕಾಗೇದ," ಅಂದಳು ತಾರಾಬಾಯಿ. ಮಾರ್ತಾಂಡ ಏಳಲಿಲ್ಲ.

ಸಂಜೆಗೆ ಗಾಯನದ ಕಾರ್ಯಕ್ರಮವಿತ್ತು. ಓಣಿಯವರು ಎಂದಿನಂತೆ ಗೋಪಾಲನ ಪಡಸಾಲೆಯಲ್ಲಿ ಬಂದು ಕೂತರು. ಹೊಸ ಕೇಬಲ್ಲಿನಿಂದ ಚಿತ್ರ ನೆಟ್ಟಗಾಗಿತ್ತು. ಗಾಯಕ ಒಬ್ಬನೇ ಒಬ್ಬನಾಗಿ ಕಾಣುತ್ತಿದ್ದ. ಅವನು ಆಲಾಪ ಶುರು ಮಾಡಿದಾಗ ಗೋಪಾಲನ ಲಕ್ಷ್ಯವೆಲ್ಲ ಬೆಳಕಿಂಡಿಯ ಕಡೆಗಿತ್ತು. ಆಚೆಯ ಸ್ಪೀಕರ್ ಹಾಡುತ್ತಿದ್ದದ್ದು ಕೇಳುತ್ತಿತ್ತು. ಮನುಷ್ಯರ ಸಪ್ಪಳವಿರಲಿಲ್ಲ. ಅಣ್ಣ ಎದ್ದು ಹಿತ್ತಿಲಿಗೆ ಹೋಗಿರಬೇಕು ಅಂದುಕೊಂಡ.

"ಗೋಪಾಲಾ."

ಕಮಲಾಬಾಯಿ ಗಂಡನ ಮುಖ ನೋಡಿದಳು. ಗೋಪಾಲ ಎದ್ದು ನಿಂತಿದ್ದ.

"ಏನಣ್ಣಾ?"

"ಆವಾಜ ಒಡೀಲಿಕ್ಕತ್ತದ. ತಂಬೂರಿ ಕೇಳವಲ್ತು. ಸಣ್ಣ ಮಾಡು."

ಗೋಪಾಲ ಕೂತವರನ್ನು ದಾಟಿ ಹೋಗಿ, ಎರಡೂ ಕಡೆಯ ಆವಾಜಿಗೆ ಇದ್ದ ಒಂದೇ ಗುಂಡಿಯನ್ನು ತಿರುಗಿಸಿದ.

"ಇನ್ನೂ ಸ್ವಲ್ಪ."

ಇನ್ನೂ ಸ್ವಲ್ಪ ತಿರುಗಿಸಿದ. "ಸರ್, ನಮಗ ಏನೂ ಕೇಳವಲ್ದಲ್ರಿ," ಎಂದು ಹಿಂದೆ ಕೂತಿದ್ದ ಮುತ್ತವ್ವ ಗೊಣಗಿದಳು. ಗೋಪಾಲ ತಿರುಗಿ ನೋಡಲಿಲ್ಲ.

"ಹಾಂ, ಆತು. ಹಂಗ ಇರಲಿ."

ಗಾಯಕ ಕಣ್ಣು ಮುಚ್ಚಿ ಬಾಯಿ ತೆರೆದಿದ್ದ. ಈಚೆಯವರಿಗೆ ಅವನ ದನಿ ಕೇಳಿಯೂ ಕೇಳದಂತಿತ್ತು. ಗೋಪಾಲ ಟಿ.ವಿ.ಯ ಪಕ್ಕದಲ್ಲೇ, ಗುಂಡಿಯ ಮೇಲಿನ ಕೈ ತೆಗೆಯದೆ ನಿಂತುಕೊಂಡ.